ಎಕ್ಸ್‌ರೇ ಬೇಡವೆಂದವನು

ಕಾಪು ಬಸ್‌ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಕುಳಿತು ಲಿಡ್ವಿನ್ ಗಲ್ಫಿಗೆ ಜನ ಕಳಿಸುತ್ತಿದ್ದ. 1977ರಲ್ಲಿ ಹಸನ್ ಅವನ ಬಳಿ ಹೋದಾಗ ಅಲ್ಲಿನ ಕಂಪನಿಯೊಂದು ಎರಡು ದಾರಿ ಇಟ್ಟಿತ್ತು. ಮಣಿಪಾಲದಲ್ಲಿ ಎದೆಯ ಎಕ್ಸ್‌ರೇ ತೆಗೆಸಿದವರಿಗೆ ಗೋದಾಮಿನ ಕೆಲಸ, ಪೂರ್ತಿ ಸಂಬಳ. ಬೇಡವೆಂದವರಿಗೆ ಸಂಬಳ ಕಡಿಮೆ. ಕೆಲಸ ಯಾವುದೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

“ಎಕ್ಸ್‌ರೇಗೆ ಎಂತ ಹೆದರಿಕೆ ಮಾರಾಯ? ಅವರೇನು ನಿನ್ನ ಎದೆ ಬಗೆಯುತ್ತಾರಾ?” ಲಿಡ್ವಿನ್ ನಕ್ಕ.

“ಬೇಡ ಪೊರ್ಬುಗಳೇ. ನನಗೆ ಬೇಗ ಹೋಗ್ಲಿಕ್ಕೆ ಉಂಟು,” ಎಂದ ಹಸನ್, ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಅವನನ್ನು ಪೊರ್ಬು ಎಂದು ಕರೆದು.

ಹಸನ್ ಚಿಕ್ಕಂದಿನಲ್ಲಿ ತಿಂಗಳುಗಟ್ಟಲೆ ಕೆಮ್ಮಿದ್ದ. ಅದು ಕ್ಷಯವೆಂದು ಯಾರೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ತಂಗಿ ಝೈನಬಳಿಗೆ ಇನ್ನಂಜೆಯಿಂದ ಸಂಬಂಧ ಬಂದಿತ್ತು. ಹುಡುಗನ ಸೋದರಮಾವ ಆ ಎಕ್ಸ್‌ರೇ ಕೋಣೆಯ ಬಾಗಿಲಲ್ಲೇ ಅಟೆಂಡರ್; ಕ್ಷಯವೆಂದು ಅವನಿಗೆ ಗೊತ್ತಾದರೆ ಸಂಬಂಧ ಮುರಿಯುತ್ತಿತ್ತು.

ಝೈನಬಳ ನಿಕಾಹ್ ನಡೆಯಿತು. ಗಲ್ಫಿನಲ್ಲಿ ಹಸನನನ್ನು ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕ ನಿಲ್ಲಿಸಿದರು. ಐದು ವರ್ಷದ ನಂತರ ಊರಿಗೆ ಮರಳಿದಾಗ ಮಸೀದಿಯ ಮೆಟ್ಟಿಲೂ ಅವನಿಗೆ ಗುಡ್ಡವಾಗಿತ್ತು. ಮುಚ್ಚಿಡುವ ಅಗತ್ಯ ಇನ್ನಿರಲಿಲ್ಲ, ಮಣಿಪಾಲಕ್ಕೆ ಹೋದ.

“ಹಳೆಯ ಕ್ಷಯದ ಗುರುತು ಎಲ್ಲಿಯೂ ಇಲ್ಲ,” ಎಂದರು ಡಾಕ್ಟರು, ಫಿಲ್ಮನ್ನು ಬೆಳಕಿಗೆ ಹಿಡಿದು. “ಇದು ಪೂರಾ ಕಲ್ಲಿನ ಧೂಳು.”

“ಗುಣ ಆಗ್ತದಾ?”

ಡಾಕ್ಟರು ಫಿಲ್ಮನ್ನು ಲಕೋಟೆಗೆ ಸೇರಿಸಿದರು.

ಹಸನ್ ಅದನ್ನು ಹಿಡಿದುಕೊಂಡು, ನಿಂತು ನಿಂತು ಲಿಡ್ವಿನನ ಮಾಳಿಗೆ ಹತ್ತಿದ.

“ನನ್ನ ಎದೆಯಲ್ಲಿ ಎಂತದೂ ಇರಲಿಲ್ಲವಂತೆ. ನೀವು ಒಂದು ಮಾತು ಕೇಳಬಹುದಿತ್ತು.”

“ಕೇಳಿದರೆ ಯಾರು ನಿಜ ಹೇಳ್ತಾರೆ, ಹಸನ್? ಅದಕ್ಕೇ ಕಂಪನಿ ಎರಡು ದಾರಿ ಇಟ್ಟದ್ದು. ಎಕ್ಸ್‌ರೇ ಬೇಡ ಅಂದವನಿಗೆ ಕಾಯಿಲೆ ಉಂಟು ಅಂತ ಅವರ ಲೆಕ್ಕ. ಹೇಗೂ ಕೆಟ್ಟ ಎದೆ, ಧೂಳಿಗೆ ಹಾಕುವ ಅಂತ.” ಲಿಡ್ವಿನ್ ಕಿಟಕಿಯತ್ತ ತಿರುಗಿದ. “ನೀನೇ ಅಲ್ವಾ ಬೇಡ ಅಂದದ್ದು?”

ಹೊರಗಿನ ಬೆಂಚಿನಲ್ಲಿ ಅಪರಿಚಿತನೊಬ್ಬ ತನ್ನ ಸರದಿಗೆ ಕಾಯುತ್ತಿದ್ದ. ಹಸನ್ ಅವನ ಪಕ್ಕ ಕುಸಿದು ಕುಳಿತ.

“ಎಕ್ಸ್‌ರೇ ತೆಗೆಸು. ಬೇಡ ಅನ್ನಬೇಡ.”

“ನೀವು ತೆಗೆಸಿದ್ರಾ? ಎಂತ ಬಂತು?”

ಹಸನ್ ಲಕೋಟೆ ಎತ್ತಿ ಉತ್ತರಿಸಹೋದ. ಕೆಮ್ಮು ಬಿಡಲಿಲ್ಲ. ಅದು ನಿಲ್ಲುವಷ್ಟರಲ್ಲಿ ಆತ ಬೆಂಚಿನ ತುದಿಗೆ ಸರಿದು, ಮೂಗಿಗೆ ಕರವಸ್ತ್ರ ಹಿಡಿದಿದ್ದ. ಒಳಗಿನಿಂದ ಲಿಡ್ವಿನ್ ಕರೆದ. ಆತ ಎದ್ದು ಹೋದ.

“ಎಕ್ಸ್‌ರೇ ಎಲ್ಲ ಬೇಡ ಪೊರ್ಬುಗಳೇ,” ಎಂದು ಆತ ಹೇಳುವುದು ಹಸನನಿಗೆ ಕೇಳಿಸಿತು. “ತೆಗೆಸಿದವರನ್ನು ಈಗಷ್ಟೇ ನೋಡಿದೆ.”