ತಿಮಿಂಗಿಲದ ಮುಂದೆ ಉಸಿರು ಹಿಡಿದ ಡಾಕ್ಟರು

ಎದುರಿಗಿದ್ದವರ ಉಸಿರು ಒಂದು ಕ್ಷಣ ನಿಂತರೆ ಡಾಕ್ಟರ್ ಸತ್ಯನಾರಾಯಣರ ಉಸಿರೂ ನಿಂತುಬಿಡುತ್ತದೆ. ಲಂಡನ್ನಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯರಾಗಿ, ಮೈಮರೆತು ಮಲಗಿದವರ ತಲೆದೆಸೆಯಲ್ಲಿ ಆಯುಷ್ಯದ ಬಹುಭಾಗ ಕಳೆದ ಈ ಮೈಸೂರಿನ ಮನುಷ್ಯನಿಗೆ, ರೋಗಿಯ ಎದೆ ಏರುವ ತನಕ ತಮ್ಮ ಎದೆಯನ್ನೂ ಏರಗೊಡದ ಅಭ್ಯಾಸ ಯಾವಾಗ ಅಂಟಿತೋ, ನಿವೃತ್ತಿಯಾದರೂ ಬಿಟ್ಟಿಲ್ಲ. ಇಲ್ಫರ್ಡಿನ ನಮ್ಮ ಸಂಗೀತಕೂಟದಲ್ಲಿ ಯಾರಾದರೂ ತಾರಷಡ್ಜದಲ್ಲಿ ನಿಂತರೆ ಸಭೆಯೆಲ್ಲ ತಲೆದೂಗುತ್ತದೆ, ಇವರು ಮಾತ್ರ ಕೆಂಪಗಾಗುತ್ತಾರೆ. ಒಮ್ಮೆ ಎಲಿಜಬೆತ್ ಲೈನಿನ ರೈಲಿನಲ್ಲಿ ಎದುರು ಸೀಟಿನ ದಢೂತಿ ಬಿಳಿಯನೊಬ್ಬ ಗೊರಕೆಯ ನಡುವೆ ತಡೆತಡೆದು ಉಸಿರಾಡುತ್ತಿದ್ದನೆಂದು ಅವನನ್ನು ಕಾಯುತ್ತಾ ಕೂತು, ತಾವು ಇಳಿಯಬೇಕಾದ ಇಲ್ಫರ್ಡ್ ದಾಟಿ ಕೊನೆಯ ನಿಲ್ದಾಣ ಮುಟ್ಟಿ, ಅವನನ್ನು ಎಬ್ಬಿಸಿ ತನ್ನ ಜಿಪಿ ಡಾಕ್ಟರನ್ನು ಕಾಣುವಂತೆ ಉಪದೇಶಿಸಿ ಮರಳಿದ ಮಹಾನುಭಾವರಿವರು.

ಇನ್ನು ಆ ಕೋಟು. ಕಂದು ಬಣ್ಣದ, ಮೊಣಕಾಲು ಮುಟ್ಟುವ, ಒಳಜೇಬಿನಲ್ಲಿ ಸದಾ ಸ್ಟೆತಸ್ಕೋಪಿರುವ ಓವರ್‌ಕೋಟು. ಈಸ್ಟ್ ಹ್ಯಾಮಿನ ಹೋಟೆಲಿನ ಸೆಕೆಯಲ್ಲೂ ಅದನ್ನು ತೊಟ್ಟೇ ಮಸಾಲೆದೋಸೆ ತಿನ್ನುತ್ತಾರೆ. ಪಕ್ಕದ ಮನೆಯವನೆಂಬ ಸಲಿಗೆಯಿಂದ ನಾನು ಕೆಣಕಿದರೆ, "ಕೋಟು ತೆಗೆದ್ರೆ ಡ್ಯೂಟಿ ಮುಗಿದ ಹಾಗೆ ಕಣ್ರೀ" ಎನ್ನುತ್ತಾರೆ.

ಅವರ ಪತ್ನಿ ವೈದೇಹಿಯವರ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ ಈ ಡ್ಯೂಟಿಗೇ ಸಂಚಕಾರ ಬಂತು. ಮನೆಯವರು ಒಳಗೆ ಬರುವಂತಿಲ್ಲ ಎಂದಿತು ಆಸ್ಪತ್ರೆ. ಊರಿನ ಉಸಿರನ್ನೆಲ್ಲ ಕಾದವನು ಹೆಂಡತಿಯ ಉಸಿರಿನ ಹೊತ್ತಿಗೆ ಬಾಗಿಲ ಹೊರಗೆ ಕೂರಬೇಕೆಂದರೆ ಯಾವ ನ್ಯಾಯ? ಅವರು ಮುನಿದರು, ವಾದಿಸಿದರು, ಪರಿಚಿತರನ್ನೆಲ್ಲ ಕಾಡಿದರು. ವೈದೇಹಿಯವರದು ಬೇರೆಯೇ ಹಠ. ಲಂಡನ್ನಿಗೆ ಬಂದ ಹೊಸತರಲ್ಲಿ ಸೌತ್ ಕೆನ್ಸಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ಕಂಡಿದ್ದ ಅವರು, "ಮೂಳೆ ನೋಡಿದ್ದಾಯ್ತು, ಜೀವ ಇರೋದನ್ನ ನೋಡ್ಬೇಕು, ಆಪರೇಷನ್‌ಗೆ ಮುಂಚೇನೇ" ಎಂದುಬಿಟ್ಟರು. ಸರ್ಜನ್ನರು ಒಪ್ಪಿದರು, ಹೀಗಾಗಿ ಶ್ರೀಲಂಕಾದ ದಕ್ಷಿಣ ಕಡಲಿನಲ್ಲಿ, ಒಂದು ಬಾಡಿಗೆ ದೋಣಿಯಲ್ಲಿ, ಅವರ ಒತ್ತಾಯಕ್ಕೆ ಹೊರಟ ನಾನೂ ಸೇರಿ ನಾವು ಮೂವರು. ಆ ಬಿಸಿಲಿನಲ್ಲೂ ಕೋಟು, ಕೋಟಿನ ಮೇಲೆ ಲೈಫ್ ಜಾಕೆಟ್ಟು.

ಅದು ಬಂದಾಗ ಮೊದಲು ಕಂಡದ್ದು ದೇಹವಲ್ಲ, ಉಸಿರು: ತೆಂಗಿನ ಮರದೆತ್ತರಕ್ಕೆ ನೆಗೆದ ಬೆಳ್ಳನೆಯ ಆವಿ, ಹಿಂದೆಯೇ ಗಾಳಿಯಲ್ಲಿ ತೇಲಿಬಂದ ಮೀನಿನ ನಾತ. ಆಮೇಲೆ ಬೂದಿನೀಲಿಯ ಬೆನ್ನು ಉರುಳಿತು, ಉರುಳುತ್ತಲೇ ಇತ್ತು, ಮುಗಿಯಲೊಲ್ಲದು. ನಾನು ಬಾಯಿ ಬಿಟ್ಟು ನಿಂತೆ. ಹಲವು ಸಲ ಉಸಿರೆಳೆದು, ಬಾಲವನ್ನು ಆಕಾಶಕ್ಕೆ ಎತ್ತಿ, ತಿಮಿಂಗಿಲ ಮುಳುಗಿತು.

ಸತ್ಯನಾರಾಯಣರ ಉಸಿರೂ ಅದರೊಂದಿಗೆ ಮುಳುಗಿತು. ಅಭ್ಯಾಸಬಲ ನೋಡಿ. ಕಂಬಿ ಹಿಡಿದು ನೀರನ್ನೇ ದಿಟ್ಟಿಸುತ್ತಾ ಕೆಂಪಗಾದರು, ಕಪ್ಪಿಟ್ಟರು. ವೈದೇಹಿಯವರು ಬೆನ್ನಿಗೊಂದು ಗುದ್ದು ಹಾಕಿ, "ರೀ, ಅದು ನಿಮ್ಮ ಪೇಷಂಟ್ ಅಲ್ಲ, ಬಿಡಿ ಉಸಿರು" ಎಂದ ಮೇಲೆ ಕೆಮ್ಮುತ್ತಾ ಕುಸಿದು ಕೂತರು. ನಾವಿಬ್ಬರೂ ನಕ್ಕೆವು, ಅವರು ನಗಲಿಲ್ಲ. ಕಡಲು ಸಪಾಟಾಗಿತ್ತು, ಹೊತ್ತು ಸರಿಯುತ್ತಿತ್ತು, ಅವರ ಕಣ್ಣು ಅದು ಮುಳುಗಿದ ಜಾಗವನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ನಮ್ಮ ಬೆನ್ನ ಹಿಂದೆ, ಯಾರೂ ನೋಡದಿದ್ದ ಕಡೆ, ಭುಸ್ಸೆಂದಿತು.

ಅವರು ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ನಾನು ನೋಡದೇ ಇದ್ರೂ ಬಂತಲ್ಲ, ವೈದೇಹಿ" ಎಂದರು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಕಾಫಿಯ ಫ್ಲಾಸ್ಕು ಹಿಡಿದು ನಾನೂ ಆಸ್ಪತ್ರೆಗೆ ಹೋಗಿದ್ದೆ. ಈ ಮನುಷ್ಯ ಅಲ್ಲೇ ಉಸಿರು ಕಟ್ಟಿ ಬಿದ್ದಾರೆಂಬ ಭಯ ನನಗೆ. ಅಂದು ಅರಿವಳಿಕೆ ಕೊಡಬೇಕಾಗಿದ್ದ ಡಾಕ್ಟರ್ ಕಲ್ಯಾಣಿ ಒಂದು ಕಾಲದ ಅವರ ಶಿಷ್ಯೆ. ಆಕೆ ಬಂದು, "ಸರ್, ಏನಾದ್ರೂ ಹೇಳೋದಿದ್ಯಾ?" ಎಂದಳು. ಹೇಳಲು ಅವರ ಬಳಿ ಒಂದು ಪುರಾಣವೇ ಇತ್ತು, ವಾರವಿಡೀ ನನ್ನೆದುರು ಒಪ್ಪಿಸಿದ್ದರು. ಅದನ್ನೆಲ್ಲ ನುಂಗಿಕೊಂಡು, "ಏನಿಲ್ಲಮ್ಮ, ನೀನು ಹೋಗು" ಎಂದರು.

ಬಾಗಿಲು ಮುಚ್ಚಿತು. ಅವರು ನಿಧಾನವಾಗಿ ಕೋಟಿನ ಗುಂಡಿಗಳನ್ನು ಬಿಚ್ಚಿ, ಅದನ್ನು ಮಡಿಸಿ ಪಕ್ಕದ ಕುರ್ಚಿಯ ಮೇಲಿಟ್ಟರು. ಕೋಟಿಲ್ಲದ ಅವರು ಇಷ್ಟು ಸಣಕಲೆಂದು ನನಗೆ ತಿಳಿದೇ ಇರಲಿಲ್ಲ. ಗೋಡೆಗೆ ತಲೆಯಾನಿಸಿದವರು, ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರೋ, ಹಾಗೇ ಗೊರಕೆಗಿಳಿದರು. ಗೊರಕೆ ನಡುನಡುವೆ ತಡೆಯುತ್ತಿತ್ತು, ತಡೆದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು.

ಮಧ್ಯಾಹ್ನ ಕಲ್ಯಾಣಿ ಹೊರಬಂದು, ಮಲಗಿದ್ದ ಗುರುವನ್ನು ನೋಡಿ ಮುಗುಳ್ನಕ್ಕು, ತಗ್ಗಿದ ದನಿಯಲ್ಲಿ ನನಗೆ ಹೇಳಿದಳು: "ಎಲ್ಲ ಚೆನ್ನಾಗಾಯ್ತು. ಮೇಡಂಗೆ ಎಚ್ಚರ ಆಗಿದೆ. ಹೊರಗೆ ಅವರು ಉಸಿರಾಡ್ತಿದ್ದಾರಾ, ನೋಡ್ಕೊಂಡು ಬಾ ಅಂದ್ರು."

ತಮ್ಮ ಕಣ್ಣು ತಪ್ಪಿದರೆ ಲೋಕದ ಉಸಿರೇ ನಿಂತೀತೆಂದು ನಂಬಿದ ಜನರನ್ನು ನಾವು ಗೇಲಿ ಮಾಡುತ್ತಲೇ ಅವರ ಕಾವಲಿನಲ್ಲಿ ಹಾಯಾಗಿ ಮಲಗಿಬಿಡುತ್ತೇವೆ. ತಮ್ಮನ್ನೂ ಯಾರೋ ಕಾಯುತ್ತಿದ್ದಾರೆಂಬುದು ಅಂಥವರಿಗೆ ಬಹಳ ತಡವಾಗಿ ತಿಳಿಯುತ್ತದೆ, ತಿಳಿಯುವ ಹೊತ್ತಿಗೆ ನಿದ್ದೆ ಹತ್ತಿರುತ್ತದೆ. ಎಬ್ಬಿಸಬೇಕಾದ ಸುದ್ದಿ ಕೈಯಲ್ಲಿದ್ದರೂ ನಾನು ಇನ್ನೊಂದು ಗಳಿಗೆ ಆ ಗೊರಕೆಯನ್ನು ಕೇಳುತ್ತಾ ಕೂತೆ.