ಮೆದೆರ್ ಹೊಳೆ ದಾಟಿದ ದಿನ

ಜೋಲ್ದೊಶ್ ಕುದುರೆಯನ್ನು ಮತ್ತೊಮ್ಮೆ ಹೊಳೆಗೆ ನುಗ್ಗಿಸಿದ. ನೀರು ಅದರ ಎದೆಗೆ ಬಡಿಯಿತು. ಮುಂಗಾಲು ಜಾರಿತು. ಸವಾರನ ಬಿಳಿಯ ಉಣ್ಣೆಟೋಪಿ ಹಾರಿ ನೊರೆಯಲ್ಲಿ ಉರುಳುತ್ತ ಹೋಯಿತು. ದಡದಲ್ಲಿದ್ದವರು ಹಗ್ಗ ಎಳೆದು ಅವನನ್ನೂ ಕುದುರೆಯನ್ನೂ ಮೇಲಕ್ಕೆ ತಂದರು.

ಆಚೆ ದಡದಲ್ಲಿ, ಕರಾಬೆಲ್ ಊರಿನ ಮುಂದೆ, ಸೇನೆಯ ಲಾರಿ ನಿಂತಿತ್ತು. ಅದರೊಳಗಿನ ಶವಪೆಟ್ಟಿಗೆಯಲ್ಲಿ ಅವನ ಅಕ್ಕನ ಮಗ ಲೆಫ್ಟಿನೆಂಟ್ ಮೆದೆರ್ ಇದ್ದ. ಗಡಿಠಾಣೆಯ ಮೇಲೆ ಗುಂಡು ಬಿದ್ದಾಗ ತನ್ನ ಹುಡುಗರನ್ನೆಲ್ಲ ಹಿಂದಕ್ಕೆ ಕಳಿಸಿ, ಕೊನೆಗೆ ನಾನು ಬರುತ್ತೇನೆ ಎಂದು ಬಂಡೆಯ ಮರೆಯಲ್ಲಿ ಕೂತವನು ಅಲ್ಲೇ ಉಳಿದ. ಇಪ್ಪತ್ತಾರರ ಪ್ರಾಯ. ಈಚೆ ದಡದ ಚೋಂಗ್‌ತಾಲಿನಲ್ಲಿ ಅವನಿಗಾಗಿ ಗುಡಾರ ಎದ್ದಿತ್ತು, ಅಪ್ಪನ ಗೋರಿಯ ಮಗ್ಗುಲಲ್ಲಿ ಗುಂಡಿ ತೋಡಿಯಾಗಿತ್ತು, ಬಂದವರಿಗೆ ಕುದುರೆಮಾಂಸ ಬೇಯುತ್ತಿತ್ತು. ಸೇತುವೆ ಮಾತ್ರ ಇರಲಿಲ್ಲ. ಹಿಂದಿನ ಸಂಜೆ ಹಿಮನೀರು ಅದನ್ನು ಹೊತ್ತುಕೊಂಡು ಹೋಗಿತ್ತು.

ಬಿಸಿಲೇರಿದಂತೆ ಬೆಟ್ಟದ ಮಂಜು ಕರಗಿ ಹೊಳೆಯೂ ಏರುತ್ತದೆ. ನಡುಹಗಲು ಕಳೆದರೆ ಒಂಟೆಯ ಕಾಲೂ ಅಲ್ಲಿ ನಿಲ್ಲದು. ಲಾರಿಯ ಜೊತೆಗೆ ಬಂದಿದ್ದ ಮೇಜರ್ ಫೋನಿನಲ್ಲಿ ಹೇಳಿಯಾಗಿತ್ತು: ಈ ಸೆಕೆಯಲ್ಲಿ ಇನ್ನು ಕಾಯಲಾಗದು, ಮಧ್ಯಾಹ್ನದೊಳಗೆ ದಾಟಿಸದಿದ್ದರೆ ಪಟ್ಟಣಕ್ಕೆ ಒಯ್ದು ವೀರಯೋಧರ ನೆಲದಲ್ಲಿ ಮಣ್ಣು ಮಾಡುತ್ತೇವೆ.

ತಾಯಿ ಬುರುಲ್ ಗುಡಾರ ಬಿಟ್ಟು ದಡಕ್ಕೆ ಬಂದಿದ್ದಳು. ಹೆಂಗಸರು ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತು ಹಾಡಿಕೊಂಡು ಅಳಬೇಕಾದದ್ದು ಪದ್ಧತಿ. ಮುಲ್ಲಾ ಕಂಡರೂ ಕಾಣದವನಂತೆ ಜಪಮಣಿ ಎಣಿಸುತ್ತ ನಿಂತ.

"ಅಲ್ಲೂ ಮರ್ಯಾದೆಯಿಂದ್ಲೇ ಮಣ್ಣು ಮಾಡ್ತಾರಂತೆ ಅಕ್ಕ. ಬ್ಯಾಂಡು, ಬಾವುಟ ಎಲ್ಲಾ ಇರುತ್ತಂತೆ," ಎಂದ ಜೋಲ್ದೊಶ್, ಒದ್ದೆ ಬಟ್ಟೆ ಹಿಂಡುತ್ತ.

"ಇರ್ಲಿ. ಆಮೇಲೆ ಶುಕ್ರವಾರ ಶುಕ್ರವಾರ ಅವನ ತಲೆ ಹತ್ರ ಕೂತು ಕುರಾನ್ ಓದೋಕೆ ಮೇಜರ್ ಬರ್ತಾನಾ?"

ಅಷ್ಟರಲ್ಲಿ ಜೋಲ್ದೊಶನ ಫೋನು ಅದುರಿತು. ಕರಾಬೆಲ್‌ನ ಶಾರ್ಶೆನ್. ಆ ಹೆಸರು ಕೇಳಿ ಸುತ್ತಲಿದ್ದ ಗಂಡಸರು ಮುಖ ಮುಖ ನೋಡಿಕೊಂಡರು.

* * *

ಮೆದೆರ್ ಮನೆಯಲ್ಲಿದ್ದಾಗ ಬಹಳ ಸೋಮಾರಿ. ರಜೆಗೆ ಬಂದರೆ ಹೊತ್ತು ನೆತ್ತಿಗೇರುವ ತನಕ ರಜಾಯಿಯೊಳಗೆ ಇರುತ್ತಿದ್ದ. ಏಳಿಸಲು ಹೋದ ತಾಯಿಗೆ, ಗಡಿ ಕಾಯೋನು ಮನೇಲಾದ್ರೂ ಮಲಗಬೇಡವೇ ಎನ್ನುತ್ತಿದ್ದ. ಆದರೆ ಕೊಕ್‌ಬೊರು ಎಂದರೆ ಸಾಕು, ಚಹಾ ಕೂಡ ಕುಡಿಯದೆ ಓಡುತ್ತಿದ್ದ. ರುಂಡ ತೆಗೆದ ಹೋತವನ್ನು ಕುದುರೆಯ ಮೇಲಿಂದಲೇ ಕಿತ್ತಾಡಿ ಗುರಿಗುಂಡಿಗೆ ಒಗೆಯುವ ಆ ಆಟದಲ್ಲಿ ಎರಡೂ ದಡಗಳಿಗೆ ತಲೆಮಾರುಗಳ ಹಗೆ.

ಕಳೆದ ಶರತ್ಕಾಲದಲ್ಲಿ ಶಾರ್ಶೆನ್ ಹೋತವನ್ನು ತೊಡೆಯಡಿ ಒತ್ತಿಕೊಂಡು ಗುರಿಯ ಹತ್ತಿರ ಬಂದುಬಿಟ್ಟಿದ್ದ. ಅವನ ಹಿಡಿತ ಬಿಡಿಸಿದವರು ಆ ಕಣಿವೆಯಲ್ಲೇ ಇರಲಿಲ್ಲ. ಮೆದೆರ್ ಪಕ್ಕದಿಂದ ಬಾಣದ ಹಾಗೆ ಬಂದ, ಜೀನಿನಿಂದ ಪೂರ್ತಿ ಕೆಳಕ್ಕೆ ಬಾಗಿದ, ಕಿತ್ತುಕೊಂಡ. ಊರೇ ಎದ್ದು ನಿಂತು ಹುಯ್ಯೆಂದಿತು. ಶಾರ್ಶೆನ್ ಕೆಸರಿಗೆ ಬಿದ್ದ.

"ಅಳಬೇಡ ಕಣೋ, ಮುಂದಿನ ವರ್ಷ ಒಂದು ಸಲ ನಿನಗೆ ಬಿಟ್ಟುಕೊಡ್ತೀನಿ," ಎಂದು ಮೆದೆರ್ ಅವನಿಗೆ ಕೈ ಚಾಚಿದ. ಶಾರ್ಶೆನ್ ಆ ಕೈ ಹಿಡಿಯಲಿಲ್ಲ. ಮೆದೆರನನ್ನು ಗೆಲ್ಲುವ ತನಕ ಚೋಂಗ್‌ತಾಲಿನ ಮಣ್ಣು ತುಳಿಯೆನೆಂದು ಹೋದವನು, ಅಲ್ಲಿಯ ಮದುವೆಗಳಿಗೆ ಕರೆದರೂ ಬಂದಿರಲಿಲ್ಲ.

* * *

"ಮಾವ, ಪೆಟ್ಟಿಗೆ ಭಾರ, ನೀರಲ್ಲಿ ನಿಲ್ಲಲ್ಲ," ಎಂದಿತು ಫೋನಿನೊಳಗಿನ ದನಿ. "ಕಂಬಳೀಲಿ ಸುತ್ತಿ ಅವನನ್ನಷ್ಟೇ ತರ್ತೀನಿ. ಅವ್ವನ್ನ ಕೇಳಿ."

ಹಿಂದಿನಿಂದ ಮೇಜರ್ ತಕರಾರು ತೆಗೆಯುತ್ತಿದ್ದುದು ಕೇಳಿಸಿತು: ಒಬ್ಬ ಅಧಿಕಾರಿಯನ್ನು ಹೋತದ ಹಾಗೆ ಜೀನಿನ ಮೇಲೆ ಹಾಕುವುದೇ?

ಬುರುಲ್ ಫೋನು ತೆಗೆದುಕೊಂಡಳು. "ಕೈ ಜಾರಿದ್ರೆ ನನಗೆ ಗೋರೀನೂ ಇರಲ್ಲಪ್ಪ."

"ಅವ್ವ, ನನ್ನ ಕೈಯಿಂದ ಕಿತ್ಕೊಂಡೋನು ನಿನ್ನ ಮಗ ಒಬ್ಬನೇ. ಈ ಹೊಳೆ ಅವನಿಗಿಂತ ದೊಡ್ಡದಾ?"

ಬುರುಲ್ ಹೊಳೆಯನ್ನು ನೋಡಿದಳು. ದಡದ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು.

"ಬಿಸ್ಮಿಲ್ಲಾ ಅಂತ ಇಳಿ," ಎಂದಳು.

ಕರಾಬೆಲ್‌ನ ಸವಾರರು ಮೊದಲು ಇಳಿದರು. ಮೇಲ್ಹೊಳೆಯ ಕಡೆ ಮೊಣಕಾಲಿಗೆ ಮೊಣಕಾಲು ಒತ್ತಿ ಕುದುರೆಗಳ ಗೋಡೆ ಕಟ್ಟಿದರು. ನೀರು ಅದಕ್ಕೆ ಬಡಿದು ಅರ್ಧ ಸೊಕ್ಕು ಕಳೆದುಕೊಂಡಿತು. ಆ ಗೋಡೆಯ ಮರೆಯಲ್ಲಿ ಶಾರ್ಶೆನ್ ಇಳಿದ. ಬಿಳಿಯ ಉಣ್ಣೆಕಂಬಳಿಯ ಉದ್ದನೆಯ ಸುರುಳಿ ಅವನ ಎದೆಗೆ ಅಡ್ಡಲಾಗಿತ್ತು. ಲಗಾಮು ಹಲ್ಲಿನಲ್ಲಿತ್ತು, ಎರಡು ತೋಳೂ ಮೆದೆರನ ಸುತ್ತ ಇದ್ದವು.

ಜೋಲ್ದೊಶ್ ಈಚೆಯವರನ್ನು ಕೂಗಿದ. ಕಳೆದ ವರ್ಷ ಕರಾಬೆಲ್‌ನವರ ಹಲ್ಲು ಮುರಿದವರೇ ಈಗ ಗೋಡೆಯ ಈ ತುದಿಯನ್ನು ಬೆಳೆಸುತ್ತ ಒಳಗೆ ನುಗ್ಗಿದರು. ನಡುಹೊಳೆಯಲ್ಲಿ ಶಾರ್ಶೆನನ ಕುದುರೆ ಮುಳುಗಿತು. ಬರೀ ಮೂಗು ಕಂಡಿತು. ಕಂಬಳಿಯ ಒಂದು ತುದಿ ನೀರಿಗಿಳಿದು ಸೆಳೆವಿಗೆ ಸಿಕ್ಕಿತು. ಅವನು ಹಾಗೇ ಕೆಳಕ್ಕೆ ಬಾಗಿ, ತೊಡೆಯಡಿ ಒತ್ತಿ, ಎಳೆದುಕೊಂಡ. ಎರಡು ಊರಿನ ಸವಾರರು ಎರಡೂ ಬದಿಯಿಂದ ಅವನನ್ನು ಅಮುಕಿ ಹಿಡಿದರು. ಕುದುರೆಗೆ ನೆಲ ಸಿಕ್ಕಿತು. ಕತ್ತು ಮೇಲೆದ್ದಿತು, ಎದೆ ಎದ್ದಿತು, ಒಂದೇ ನೆಗೆತಕ್ಕೆ ಅದು ದಡ ಹತ್ತಿತು.

ಆಗ ದಡದ ಜನ ಹುಯ್ಯೆಂದುಬಿಟ್ಟರು. ಹೋತ ಗುರಿಗೆ ಬಿದ್ದಾಗ ಕೂಗುವ ಅದೇ ಕೂಗು. ಮುದುಕರು ಕೂಗಿದರು, ಟೋಪಿಗಳು ಹಾರಿದವು. ಆಚೆ ದಡದ ಕರಾಬೆಲ್ ಕೂಡ ಕೂಗಿತು.

ಮರುಗಳಿಗೆ ಎಲ್ಲರಿಗೂ ತಾವು ಮಾಡಿದ್ದು ತಿಳಿಯಿತು. ಒಬ್ಬೊಬ್ಬರಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಮುಲ್ಲಾ ತಲೆ ಎತ್ತಲಿಲ್ಲ; ಅವನ ಗಂಟಲೂ ಕೂಗಿನಲ್ಲಿ ಸೇರಿತ್ತು.

"ಯಾಕೆ ನಿಲ್ಲಿಸಿದ್ರಿ?" ಎಂದಳು ಬುರುಲ್. "ಆ ಕೂಗು ಕೇಳದೆ ಅವನು ಯಾವತ್ತು ಮನೆಗೆ ಬಂದಿದ್ದಾನೆ?"

ಜೋಲ್ದೊಶ್ ಮತ್ತು ಮೂವರು ಮುಂದೆ ಬಂದು ಕಂಬಳಿಗೆ ಕೈಯೊಡ್ಡಿದರು. ಶಾರ್ಶೆನ್ ಕೊಡಲಿಲ್ಲ. ಕೊಡಬೇಕೆಂದರೂ ಆಗದೆ ಅವನು ತನ್ನ ತೋಳುಗಳನ್ನೇ ನೋಡುತ್ತಿದ್ದ. ಹಿಮನೀರಿನಲ್ಲಿ ನೀಲಿಗಟ್ಟಿದ ಬೆರಳುಗಳು ಉಣ್ಣೆಯೊಳಗೆ ಕೊಕ್ಕೆಗಳಂತೆ ಸಿಕ್ಕಿಕೊಂಡಿದ್ದವು. ಜೋಲ್ದೊಶ್ ಎಳೆದ, ಬೆರಳು ಬಿಡಲಿಲ್ಲ.

ಬುರುಲ್ ತಮ್ಮನನ್ನು ಪಕ್ಕಕ್ಕೆ ಸರಿಸಿ ಕುದುರೆಯ ಬಳಿಗೆ ಹೋದಳು. ಶಾರ್ಶೆನನ ಕೈಯನ್ನು ತನ್ನ ಎರಡು ಅಂಗೈಗಳಿಂದ ಮುಚ್ಚಿ, ಬಾಯಿಯನ್ನು ಅದರ ಬಳಿ ತಂದಳು. ಎಳೆಮಗುವಿನ ಕೈಗೆ ಊದುವ ಹಾಗೆ ಬೆಚ್ಚಗೆ ಊದಿದಳು. ಒಂದು ಬೆರಳು ಸಡಿಲಿತು. ಅದನ್ನು ಬಿಡಿಸಿ, ಮುಂದಿನ ಬೆರಳಿಗೆ ಊದತೊಡಗಿದಳು.