ಆಸರೆಗೆ ಸೇರಿದವರು

ಮೇಘಶ್ರೀ ಕೆಲಸ ಮಾಡುತ್ತಿದ್ದ ಗೇಮ್ ಸ್ಟುಡಿಯೋ ಹಾಸನದಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಇದ್ದವರು ಆರೇ ಜನ. ಅವಳು ದಿನಾ ಶಾಂತಿಗ್ರಾಮದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕನ್ನಡ ಎಂ.ಎ. ಮಾಡಿದ ಮಗಳಿಗೆ ಊರ ಹತ್ತಿರವೇ ಬರೆಯುವ ಕೆಲಸ ಸಿಕ್ಕಿತೆಂದು ಮನೆಯವರಿಗೆ ಸಮಾಧಾನ. ಏನು ಬರೆಯುತ್ತೀಯ ಎಂದು ಕೇಳಿದರೆ ಮಾತ್ರ ಅವಳಿಗೆ ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಆ ವರ್ಷ ಅವರು ಮಾಡುತ್ತಿದ್ದುದು ಬೇರೊಂದು ಗ್ರಹದಲ್ಲಿ ನಡೆಯುವ ಆಟ. ಅಲ್ಲಿ ಗಾಳಿ ಕೆಟ್ಟುಹೋಗಿದೆ. ‘ಆಸರೆ’ ಎಂಬ ಸಂಸ್ಥೆ ಜನರಿಗೆ ಗಾಜಿನ ಮನೆ ಕಟ್ಟಿಸಿ, ಉಸಿರಾಡಲು ಒಳ್ಳೆಯ ಗಾಳಿ ಕೊಡುತ್ತದೆ. ಆದರೆ ಅವರಿಗೆ ಸರಿಯಾಗಿ ತಿಳಿಸದೆ ಹೊಸ ಹೊಸ ಔಷಧಿಗಳನ್ನು ಅವರ ಮೈಮೇಲೆ ಪರೀಕ್ಷೆ ಮಾಡುತ್ತದೆ. ಆಟ ಆಡುವವರು ಆ ಸಂಸ್ಥೆಯ ಒಳಗೆ ಹೊಕ್ಕು, ಅಲ್ಲಿನ ಡಾಕ್ಟರು, ನರ್ಸು, ಕಾವಲಿನವರೊಡನೆ ಮಾತಾಡಿ ಗುಟ್ಟು ತಿಳಿಯಬೇಕು. ಆ ಮಾತುಗಳನ್ನೆಲ್ಲ ಬರೆಯುವುದು ಮೇಘಶ್ರೀಯ ಕೆಲಸ.

ಒಂದು ದಿನ ಸ್ಟುಡಿಯೋದ ಮಾಲೀಕ ಮೋಹನ್‌ಕುಮಾರ್ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತ.

“ಆಡಿ ನೋಡ್ದೋರೆಲ್ಲ ಒಂದೇ ಕೇಳ್ತಾವ್ರೆ ಮೇಘ. ಆ ಡಾಕ್ಟ್ರು ಅಷ್ಟು ಒಳ್ಳೇವ್ನು ಅಂತೀರ, ಮತ್ತೆ ಅಂಥ ಕಡೆ ಯಾಕ್ ಸೇರ್ಕಂಡ ಅಂತ. ನಂಬೋ ಹಂಗೆ ಬರ್ಕೊಡು.”

ಅವಳು ಒಂದು ವಾರ ಬರೆದಳು. ಡಾಕ್ಟರನ್ನು ಹೆದರಿಸಿ ಸೇರಿಸಿಕೊಂಡರು ಎಂದು ಬರೆದಳು. ದುಡ್ಡಿನ ಆಸೆಗೆ ಸೇರಿದ ಎಂದು ಬರೆದಳು. ಅವನ ಮಗುವನ್ನು ಒತ್ತೆ ಇಟ್ಟುಕೊಂಡಿದ್ದರು ಎಂದೂ ಬರೆದಳು. ಓದಿದಾಗ ಎಲ್ಲವೂ ಸುಳ್ಳು ಅನ್ನಿಸಿತು. ಆಗ ಅವಳಿಗೆ ಪಂಚಾಕ್ಷರಯ್ಯ ಮೇಷ್ಟ್ರ ನೆನಪಾಯಿತು.

ಪಂಚಾಕ್ಷರಯ್ಯ ಶಾಂತಿಗ್ರಾಮದ ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದವರು. ಪಾಠದಲ್ಲಿ ಏನಾದರೂ ತಪ್ಪಾಗಿದ್ದರೆ ಮರುದಿನ ತರಗತಿಗೆ ಬಂದು, “ನೆನ್ನೆ ನಾನ್ ಹೇಳಿದ್ದು ತಪ್ಪು, ತಿದ್ಕೊಳಿ” ಅನ್ನುತ್ತಿದ್ದರು. ಹಾಗೆ ಹೇಳುವ ಮೇಷ್ಟ್ರನ್ನು ಅವಳು ಆಮೇಲೆ ಎಲ್ಲೂ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಅವರು ಹೊರಗಿನಿಂದ ಬಂದ ಔಷಧಿ ಪರೀಕ್ಷೆಯ ಕಂಪನಿಯೊಂದಕ್ಕೆ ಸೇರಿ, ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಜನ ಸೇರಿಸಿಕೊಡುತ್ತಿದ್ದರಂತೆ. ಮಲ್ಲಿಪಟ್ಟಣದ ಕಡೆಯ ಚಿಕ್ಕಮ್ಮ ಎಂಬ ಹೆಂಗಸು ಸೂಜಿ ಹಾಕಿಸಿಕೊಂಡ ಮೂರನೆಯ ದಿನ ತೀರಿಕೊಂಡಳಂತೆ. ಇಷ್ಟು ಅವಳ ಕಿವಿಗೆ ಬಿದ್ದಿತ್ತು.

ಒಂದು ಭಾನುವಾರ ಅವಳು ಮೇಷ್ಟ್ರು ಈಗಿರುವ ಹೊಳೆನರಸೀಪುರಕ್ಕೆ ಹೋದಳು. ಮೇಷ್ಟ್ರ ಹೆಂಡತಿ ನೀಲಗಂಗಮ್ಮ ಬಾಗಿಲು ತೆಗೆದು, ಗುರುತು ಹಿಡಿದು, ಮಜ್ಜಿಗೆ ತಂದುಕೊಟ್ಟರು. ಮೇಷ್ಟ್ರು ಸೊರಗಿದ್ದರು. ಧ್ವನಿ ಮಾತ್ರ ಹಾಗೇ ಇತ್ತು. ಗಟ್ಟಿಯಲ್ಲ, ಆದರೆ ಕೊನೆಯ ಬೆಂಚಿನವರೆಗೂ ಹೋಗಿ ಮುಟ್ಟುವಂಥದ್ದು.

ಬಂದ ಕಾರಣವನ್ನು ಅವಳು ಮುಚ್ಚಿಡಲಿಲ್ಲ. ಆಟದ ಕಥೆಯನ್ನೂ ಹೇಳಿದಳು. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ.

“ಕೇಳು. ಇಲ್ಲಿವರ್ಗೂ ಯಾರೂ ಕೇಳ್ಲಿಲ್ಲ. ಬೈದ್ರು ಅಷ್ಟೆ,” ಎಂದರು.

ರೆಕಾರ್ಡ್ ಮಾಡುವ ಮೊದಲು ಸಹಿ ತೆಗೆದುಕೊಳ್ಳಬೇಕೆಂದು ಮೋಹನ್‌ಕುಮಾರ್ ಒಂದು ಕಾಗದ ಕೊಟ್ಟಿದ್ದ. ಎರಡು ಪುಟ, ಇಂಗ್ಲಿಷಿನಲ್ಲಿ, ಸಣ್ಣಕ್ಷರ.

“ನಿಮ್ ಮಾತು ರೆಕಾರ್ಡ್ ಮಾಡ್ಕೋತೀವಿ, ಕೆಲಸಕ್ಕೆ ಬಳಸ್ಕೋತೀವಿ ಅಂತ ಅದೆ ಸರ್.”

“ಪೂರ್ತಿ ಓದಿದ್ಯೇನಮ್ಮ?”

“ಹ್ಞೂಂ ಸರ್.”

ಅವಳು ಓದಿರಲಿಲ್ಲ. ಮೇಷ್ಟ್ರು ಸಹಿ ಮಾಡಿದರು.

ಅವರು ಎರಡು ಗಂಟೆ ಮಾತಾಡಿದರು.

“ಮೊದಲ್ನೇ ದಿನವೇ ಕೆಟ್ಟದ್ದು ಅಂತ ಗೊತ್ತಾಗಿದ್ರೆ ಯಾರು ಹೋಗ್ತಾರಮ್ಮ? ಆ ಹಳ್ಳಿಗಳಲ್ಲಿ ಬಿ.ಪಿ. ನೋಡೋಕೆ ಒಬ್ರೂ ಇರ್ಲಿಲ್ಲ. ಇವ್ರು ಬಂದು ನೋಡಿದ್ರು. ಸಕ್ಕರೆ ಕಾಯಿಲೆ ಇದೆ ಅಂತಲೇ ಗೊತ್ತಿಲ್ದೆ ಇದ್ದೋರು ನಲವತ್ತು ಜನ ಸಿಕ್ಕಿದ್ರು. ಅದು ಸುಳ್ಳಲ್ಲ. ರಿಟೈರ್ ಆದ್ಮೇಲೆ ನನ್ನ ಯಾರೂ ಏನೂ ಕೇಳ್ತಿರ್ಲಿಲ್ಲ. ಇವ್ರು ಬಂದು, ಮೇಷ್ಟ್ರೇ ನೀವಿದ್ರೆ ಜನ ನಂಬ್ತಾರೆ ಅಂದ್ರು. ಖುಷಿಯಾಯ್ತು. ಸುಳ್ಳು ಯಾಕ್ ಹೇಳ್ಲಿ.”

“ಪರೀಕ್ಷೆ ಅಂತ ಯಾವಾಗ ಗೊತ್ತಾಯ್ತು ಸರ್?”

“ಗೊತ್ತಿತ್ತು. ಕಾಗದದಲ್ಲಿ ಇತ್ತು. ನಾನೇ ಜನಕ್ಕೆ ಓದಿ ಹೇಳ್ತಿದ್ದೆ. ಪರೀಕ್ಷೆ ಅನ್ನೋ ಜಾಗದಲ್ಲಿ ಹೊಸ ಔಷಧಿ ಅಂತಿದ್ದೆ. ಪರೀಕ್ಷೆ ಅಂದ್ರೆ ಹೆದರ್ತಾರೆ, ಹೆದರಿದ್ರೆ ಬರಲ್ಲ, ಬರ್ದಿದ್ರೆ ಬಿ.ಪಿ. ನೋಡೋರು ಯಾರು? ಅಂಗಂದ್ಕಂಡೆ. ಒಂದೇ ಪದ ಕಣಮ್ಮ ಬದಲಾಯ್ಸಿದ್ದು.”

ಒಳಗೆ ನೀಲಗಂಗಮ್ಮ ಪಾತ್ರೆ ಜೋಡಿಸುತ್ತಿದ್ದ ಸದ್ದು ನಿಂತಿತು.

“ಚಿಕ್ಕಮ್ಮ ಸತ್ತ ಮೇಲೆ ಬಿಟ್ರಾ?”

“ಇಲ್ಲ. ಆಮೇಲೆ ಎರಡು ವರ್ಷ ಇದ್ದೆ. ನಾನ್ ಬಿಟ್ರೆ ಅಲ್ಲಿರೋರನ್ನ ಕೇಳೋರಿಲ್ಲ, ಒಳಗಿದ್ರೆ ಒಂದು ಕಣ್ಣಿಟ್ಟಿರ್ಬೋದು ಅನ್ಕಂಡೆ. ಎರಡು ಸಲ ಸೂಜಿ ಹಾಕೋದನ್ನ ತಡೆದೆ ಕೂಡ. ಆದ್ರೆ ಒಂದು ಮಾತು ಹೇಳ್ತೀನಿ, ಬರ್ಕೋ. ಬಿಟ್ಟು ಬಂದ್ರೆ ನಾನು ಮಾಡಿದ್ದು ತಪ್ಪು ಅಂತ ಒಪ್ಕಂಡ ಹಾಗಾಗ್ತಿತ್ತು. ಒಳಗೆ ಇರೋವರ್ಗೂ ಅದಿನ್ನೂ ಒಳ್ಳೆ ಕೆಲಸವೇ.”

ಕೊನೆಗೆ ಕಂಪನಿಯೇ ಗಂಟುಮೂಟೆ ಕಟ್ಟಿ ಬೇರೆ ಜಿಲ್ಲೆಗೆ ಹೋಯಿತಂತೆ. ಇವರು ಬಿಟ್ಟಿದ್ದಲ್ಲ.

ಮೇಘಶ್ರೀ ಅದನ್ನೆಲ್ಲ ಆಟದ ಡಾಕ್ಟರ ಬಾಯಲ್ಲಿ ಹಾಕಿದಳು. ಆಟ ಮಾಡಿಸುತ್ತಿದ್ದ ಹೊರದೇಶದ ಕಂಪನಿಯವರು ಮೆಚ್ಚಿಕೊಂಡರು. ಯಾರೂ ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ರೆಕಾರ್ಡಿಂಗನ್ನೂ ಅವರು ಕೇಳಿ ತರಿಸಿಕೊಂಡರು. ಅದು ಅವಳಿಗೆ ವಿಶೇಷವೆನಿಸಲಿಲ್ಲ.

ಎಂಟು ತಿಂಗಳಾದ ಮೇಲೆ, ಒಂದು ಬುಧವಾರ, ಮೇಷ್ಟ್ರ ಫೋನು ಬಂತು. “ಒಂಚೂರು ಬಂದೋಗಮ್ಮ” ಎಂದಷ್ಟೇ ಹೇಳಿ ಇಟ್ಟರು.

ಅವಳು ಹೋದಾಗ ಜಗಲಿಯ ಮೇಲೆ ಅವಳಷ್ಟೇ ವಯಸ್ಸಿನ ಒಬ್ಬಳು ಕೂತಿದ್ದಳು. ತೀರಿಕೊಂಡ ಚಿಕ್ಕಮ್ಮನ ಮಗಳು ಸಿಂಧು. ಕುಡಿಯಲು ಕೊಟ್ಟ ಕಾಫಿಯನ್ನು ಮುಟ್ಟಿರಲಿಲ್ಲ.

“ನಮ್ಮೂರಲ್ಲಿ ಎಲ್ಲಾರ ಮನೆಗೂ ಫೋನ್ ಬಂದದೆ,” ಎಂದಳು ಸಿಂಧು. “ನಮ್ ಮನೆಗೂ ಬಂತು. ನಮ್ಮವ್ವನ್ ಕಳ್ಕಂಡೋರು ನಾವು, ನಮ್ಗೂ ಮಾಡವ್ರೆ. ನಾಚ್ಕೆ ಇಲ್ವಾ ಅಂತ ಕೇಳೋಣ ಅಂತ್ಲೇ ಬಂದೆ. ಇವ್ರು ನೋಡುದ್ರೆ ನಾನ್ ಮಾಡ್ಲಿಲ್ಲ ಅಂತಾವ್ರೆ.”

ಅವಳು ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಕರೆಯನ್ನು ಹಾಕಿದಳು.

“ನಮಸ್ಕಾರ ಕಣಪ್ಪ, ಚೆನ್ನಾಗಿದ್ದೀರಾ? ಬರೋ ಭಾನುವಾರ ಬೆಳಿಗ್ಗೆ ಮಲ್ಲಿಪಟ್ಟಣದಲ್ಲಿ ಸಕ್ಕರೆ ಕಾಯಿಲೆಗೆ, ಮಂಡಿ ನೋವಿಗೆ ಪುಕ್ಕಟೆ ತಪಾಸಣೆ ಇದೆ. ಹೊಸ ಔಷಧಿ ಕೊಡ್ತಾರೆ. ಮನೇಲಿರೋ ವಯಸ್ಸಾದೋರನ್ನ ಕರ್ಕೊಂಡ್ ಬನ್ನಿ. ಏನೂ ಹೆದರ್ಬೇಡಿ.”

ಪಂಚಾಕ್ಷರಯ್ಯ ಮೇಷ್ಟ್ರದೇ ಧ್ವನಿ. ಮಾತಿನ ನಡುವೆ ಅವರು ಉಸಿರು ತೆಗೆದುಕೊಳ್ಳುವ ರೀತಿ ಕೂಡ. ಹೆಸರನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ.

ಮೇಘಶ್ರೀಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತನ್ನ ಮೊಬೈಲಿನಲ್ಲಿದ್ದ ಆ ಎರಡು ಪುಟದ ಕಾಗದದ ಪ್ರತಿಯನ್ನು ತೆರೆದು ಮೊದಲ ಸಲ ಪೂರ್ತಿ ಓದಿದಳು. ಏಳನೆಯ ಅಂಶದಲ್ಲಿ ಇತ್ತು. ಈ ಧ್ವನಿಯನ್ನು ಕಂಪ್ಯೂಟರಿಗೆ ಕಲಿಸಬಹುದು, ಕಲಿತ ಧ್ವನಿಯನ್ನು ಬೇಕಾದವರಿಗೆ ಬೇಕಾದ ಮಾತು ಆಡಿಸಲು ಕೊಡಬಹುದು. ಔಷಧಿಯವರು ಯಾರೋ ಹಾಸನದ ಕಡೆಯ ಹಿರಿಯರೊಬ್ಬರ ಧ್ವನಿ ಬೇಕೆಂದು ಕೇಳಿ, ದುಡ್ಡು ಕೊಟ್ಟು ಕೊಂಡಿರಬೇಕು.

“ಅದ್ರಲ್ಲಿ ಇದೆಯೇನಮ್ಮ?” ಎಂದು ಮೇಷ್ಟ್ರು ಕೇಳಿದರು.

“ಇದೆ ಸರ್. ನಾನು ಅವತ್ತು ಓದಿರ್ಲಿಲ್ಲ.”

ಅವರು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸಿಂಧು ಇಬ್ಬರ ಮುಖವನ್ನೂ ನೋಡಿದಳು. “ನೀವಿಬ್ರೂ ಓದಿರೋರು” ಎಂದು ಎದ್ದು ಹೊರಟಳು.

ಮರುದಿನ ಮೇಘಶ್ರೀ ಮೋಹನ್‌ಕುಮಾರನ ಮುಂದೆ ನಿಂತಳು. ಅವನು ಕೆಟ್ಟವನಲ್ಲ. ಅವಳ ಅಪ್ಪನಿಗೆ ಆಪರೇಷನ್ ಆದಾಗ ಎರಡು ದಿನ ಆಸ್ಪತ್ರೆಯಲ್ಲೇ ಇದ್ದವನು. ಊರು ಬಿಟ್ಟು ಹೋಗದೆ ಇಲ್ಲೇ ಏನಾದರೂ ಮಾಡಬೇಕೆಂದು ಹಟ ಹಿಡಿದು ಸ್ಟುಡಿಯೋ ಕಟ್ಟಿದವನು. ಎಲ್ಲ ಕೇಳಿ ತಲೆ ತಗ್ಗಿಸಿದ.

“ನಂಗೂ ಅಷ್ಟಾಗಿ ಗೊತ್ತಿರ್ಲಿಲ್ಲ ಮೇಘ. ಆಟದಿಂದ ಆ ಹೊರದೇಶದೋರ್ಗೆ ಏನೂ ಗಿಟ್ಟಲ್ಲ, ಧ್ವನಿಗೋಸ್ಕರವೇ ನಮ್ಮನ್ನ ಇಟ್ಕಂಡಿರೋದು ಅಂತ ಈಗ್ ತಿಳೀತಾ ಅದೆ.”

“ಮೇಷ್ಟ್ರ ಧ್ವನಿ ತೆಗೆದ್ಬಿಡಿ ಅಂತ ಹೇಳಿ.”

ಅವನು ಅಂದೇ ಅವರಿಗೆ ಬರೆದ. ಉತ್ತರ ಬಂತು. ತುಂಬ ವಿನಯದ ಉತ್ತರ. ಆ ಧ್ವನಿ ಈಗಾಗಲೇ ಉಳಿದ ಸಾವಿರಾರು ಧ್ವನಿಗಳ ಜೊತೆ ಸೇರಿಹೋಗಿದೆ, ಬೇರೆ ಮಾಡಲು ಬರುವುದಿಲ್ಲ, ನಿಮ್ಮ ಕಾಳಜಿಗೆ ಧನ್ಯವಾದ ಎಂದಿತ್ತು.

ಭಾನುವಾರ ಮೇಷ್ಟ್ರು ಮಲ್ಲಿಪಟ್ಟಣಕ್ಕೆ ಹೊರಟರು. ಮೇಘಶ್ರೀಯೂ ಜೊತೆಗೆ ಹೋದಳು. ಶಿಬಿರ ನಡೆಯುವ ಕಟ್ಟಡದ ಗೇಟಿನಲ್ಲಿ ಅವರು ಎಂಟೂವರೆಗೇ ನಿಂತರು. ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ, ನಡೆದುಕೊಂಡು ಜನ ಬರತೊಡಗಿದರು. ಇವರನ್ನು ಕಂಡು ಕೈಮುಗಿದರು.

“ಒಳಗೋಗ್ಬೇಡಿ. ಇದು ಪರೀಕ್ಷೆ. ನಿಮ್ ಮೈಮೇಲೆ ಪರೀಕ್ಷೆ ಮಾಡ್ತಾರೆ,” ಎಂದರು ಮೇಷ್ಟ್ರು. ಈ ಸಲ ಆ ಪದವನ್ನು ಬದಲಿಸಲಿಲ್ಲ.

“ನೀವೇ ಅಲ್ವಾ ಸಾ ಫೋನ್ ಮಾಡಿ ಕರ್ದಿದ್ದು?” ಎಂದ ದೇವರಾಜ್ ಎಂಬ ಮುದುಕ. ಅವನು ಮಗನ ಹೆಗಲು ಹಿಡಿದು ನಿಂತಿದ್ದ.

“ನಾನಲ್ಲ ಕಣಪ್ಪ. ಅದು ಮಿಷನ್ನು ಮಾತಾಡಿದ್ದು.”

ದೇವರಾಜ್ ಮಗನ ಮುಖ ನೋಡಿದ. ಮಗ ಮೇಘಶ್ರೀಯ ಕಡೆ ತಿರುಗಿ, “ವಯಸ್ಸಾಯ್ತು ಅಲ್ವಾ ಮೇಷ್ಟ್ರಿಗೆ” ಎಂದು ಮೆಲ್ಲಗೆ ಅಂದ.

“ಅವ್ರು ನಿಜ ಹೇಳ್ತಿದಾರೆ,” ಎಂದಳು ಮೇಘಶ್ರೀ. “ಆ ಧ್ವನಿ ತಗೊಂಡು ಹೋಗಿದ್ದು ನಾನೇ.”

ಅದು ಅವನಿಗೆ ಅರ್ಥವಾಗಲಿಲ್ಲ. ದೇವರಾಜ್ ಮಾತ್ರ ಮೇಷ್ಟ್ರನ್ನೇ ನೋಡುತ್ತಾ, “ಆಯ್ತು ಬುಡಿ ಸಾ, ಒಳಿಕ್ಕೋಗಕಿಲ್ಲ. ಈ ಮಂಡಿ ಐದು ವರ್ಸದಿಂದ ಮಲಗಾಕ್ ಬುಟ್ಟಿಲ್ಲ. ಇದ್ಕೆ ನೀವೇನ್ ಕೊಡ್ತೀರಾ, ಹೇಳಿ” ಎಂದ. ವ್ಯಂಗ್ಯವಾಗಿ ಕೇಳಿದ್ದಲ್ಲ. ಉತ್ತರಕ್ಕಾಗಿ ಒಂದು ಗಳಿಗೆ ನಿಂತೂ ನಿಂತ. ಆಮೇಲೆ ಅವನು ಮಗನ ಹೆಗಲು ಹಿಡಿದು ಒಳಗೆ ಹೋದ.

ಹತ್ತೂವರೆ ಹೊತ್ತಿಗೆ ಬಿಸಿಲು ಏರಿತು. ಒಳಗಿನಿಂದ ಬಿಳಿ ಕೋಟಿನ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ನೀರು ತಂದಳು. ಹೆಸರು ಧನ್ಯಾ, ನರ್ಸಿಂಗ್ ಮುಗಿಸಿ ಮೂರು ತಿಂಗಳಾಯಿತು ಎಂದಳು.

“ಬಿಸ್ಲಲ್ಲಿ ನಿಂತ್ಕೋಬೇಡಿ ತಾತ, ಕೂತ್ಕೊಂಡೇ ಹೇಳಿ,” ಎಂದಳು. ನಿಜವಾದ ಅಕ್ಕರೆಯಿಂದಲೇ ಹೇಳಿದಳು.

ಮೇಷ್ಟ್ರು ಎರಡು ಗಂಟೆಯಿಂದ ನಿಂತೇ ಇದ್ದರು. ಕೂತರು. ಆಮೇಲೆ ಬಂದವರ ಕಣ್ಣಿಗೆ, ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಮೇಷ್ಟ್ರು ತಮ್ಮನ್ನು ಬರಮಾಡಿಕೊಳ್ಳುತ್ತಿರುವಂತೆ ಕಂಡಿತು. ದಾರಿಯಲ್ಲಿ ಹಿಂದೆಮುಂದೆ ನೋಡುತ್ತಿದ್ದ ಇಬ್ಬರು ಹೆಂಗಸರು ಅವರನ್ನು ಕಂಡ ಮೇಲೆ ಧೈರ್ಯವಾಗಿ ಒಳಗೆ ನಡೆದರು. ಮೇಘಶ್ರೀ ಅದನ್ನು ಗಮನಿಸಿದಳು.

“ಏಳಿ ಸರ್, ಹೋಗೋಣ.”

“ಏಳಕ್ಕಾಗ್ತಿಲ್ಲ ಕಣಮ್ಮ,” ಎಂದರು ಅವರು.

ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದರು. ನೂರಾ ಎಪ್ಪತ್ತು ಜನ ಹೆಸರು ಬರೆಸಿದರೆಂದು ಧನ್ಯಾ ಸಂತೋಷದಿಂದ ಹೇಳಿದಳು.

ಆ ದಿನದಿಂದ ಮೇಷ್ಟ್ರು ಮಾತಾಡುವುದನ್ನು ಕಡಿಮೆ ಮಾಡಿದರು. ಫೋನು ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದರು. ತಿಂಗಳಾದ ಮೇಲೆ ಮೇಘಶ್ರೀ ಹೋದಾಗ ಅವರು ಒಳಮನೆಯಿಂದ ಹೊರಗೆ ಬರಲಿಲ್ಲ.

“ನನ್ ಕೂಡೇನೂ ಮಾತಿಲ್ಲ ಕಣವ್ವ,” ಎಂದರು ನೀಲಗಂಗಮ್ಮ. “ನಲವತ್ತೆರಡು ವರ್ಷ ಆ ದನಿ ಕೇಳ್ಕೊಂಡ್ ಬಂದೋಳು ನಾನು. ಮೊನ್ನೆ ಇನ್ಯಾವ್ದೋ ಫೋನ್ ಬಂತು, ಅವ್ರ ದನೀಲೇ. ಇಡೋಕೆ ಮನಸ್ಸು ಬರ್ಲಿಲ್ಲ. ಪೂರ್ತಿ ಕೇಳಿಸ್ಕೊಂಡೆ.”

ಮೇಘಶ್ರೀ ಕೆಲಸ ಬಿಡುವುದಾಗಿ ಬರೆದು ಮೋಹನ್‌ಕುಮಾರನಿಗೆ ಕೊಟ್ಟಳು. ಅವನು ಓದಿ ಮಡಚಿ ಮೇಜಿನ ಮೇಲಿಟ್ಟ.

“ಹೋಗು ಅಂತ್ಲೂ ಹೇಳಕಿಲ್ಲ, ಇರು ಅಂತ್ಲೂ ಹೇಳಕಿಲ್ಲ. ಆ ಕಂಪನಿಯೋರ್ಗೆ ಜಿಲ್ಲೇಲಿ ಇನ್ನೂ ನಾನೂರು ದನಿ ಬೇಕಂತೆ. ನೀನ್ ಹೋದ್ರೆ ಬೇರೆ ಯಾರಾನ ಬತ್ತಾರೆ. ಅವ್ರು ಓದಿ ಹೇಳ್ತಾರಾ? ನೀನಿದ್ರೆ ಏಳನೇದನ್ನ ನಿಧಾನಕ್ಕೆ ಬಿಡಿಸಿ ಹೇಳ್ತೀಯ. ಬೇಡ ಅನ್ನೋರು ಬೇಡ ಅಂತಾರೆ. ಅಷ್ಟಾದ್ರೂ ಆಗ್ಲಿ.”

ಆ ಮಾತು ಎಲ್ಲಿಂದ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಅದನ್ನು ಮೇಷ್ಟ್ರ ಬಾಯಲ್ಲಿ ಕೇಳಿ ಬರೆದುಕೊಂಡವಳೇ ಅವಳು. ಆದರೂ ಅದು ಸುಳ್ಳೆಂದು ತೋರಿಸಲು ಅವಳಿಗೆ ಆಗಲಿಲ್ಲ. ಎರಡು ದಿನ ಮನೆಯಲ್ಲೇ ಇದ್ದಳು, ಮೂರನೆಯ ದಿನ ಬಸ್ಸು ಹತ್ತಿದಳು.

ಕಾಗದವನ್ನು ಅವಳು ಕನ್ನಡಕ್ಕೆ ಇಳಿಸಿದಳು. ಸುತ್ತಿ ಬಳಸದೆ, ನಿಮ್ಮ ಧ್ವನಿಯಲ್ಲಿ ನೀವು ಆಡದ ಮಾತನ್ನು ಯಾರು ಬೇಕಾದರೂ ಆಡಿಸಬಹುದು, ನಿಮ್ಮವರೇ ಅದನ್ನು ನಂಬಬಹುದು ಎಂದು ಬರೆದಳು. ಮೋಹನ್‌ಕುಮಾರ್ ಒಂದಕ್ಷರ ತೆಗೆಯಲಿಲ್ಲ. ಅದನ್ನು ಹಿಡಿದುಕೊಂಡು ಅವಳು ಮೊದಲು ಹೋದದ್ದು ಚನ್ನರಾಯಪಟ್ಟಣಕ್ಕೆ, ಗಂಗಾಂಬಿಕೆ ಎಂಬ ಅರವತ್ತರ ಹೆಂಗಸಿನ ಮನೆಗೆ. ಗಂಗಾಂಬಿಕೆಯ ಗಂಡ ತೀರಿಕೊಂಡಿದ್ದರು. ಮನೆಗೆ ಯಾರೋ ಬಂದರೆಂಬ ಸಂಭ್ರಮದಲ್ಲಿ ಅವರು ಹಜಾರಕ್ಕೆ ಹೊಸ ಜಮಖಾನೆ ಹಾಸಿದ್ದರು.

ಮೇಘಶ್ರೀ ಮೊದಲಿನಿಂದ ಓದತೊಡಗಿದಳು. ಒಂದೊಂದನ್ನೂ ಎರಡೆರಡು ಸಲ. ನಾಲ್ಕನೆಯದು ಮುಗಿಯುವಷ್ಟರಲ್ಲಿ ಗಂಗಾಂಬಿಕೆ ಕೈಚಾಚಿ ಪೆನ್ನು ತೆಗೆದುಕೊಂಡರು.

“ಇನ್ನೂ ಇದೆ ಅಮ್ಮ. ಮುಖ್ಯವಾದ್ದು ಮುಂದೆ ಇದೆ. ಕೇಳಿ ಆಮೇಲೆ ಮಾಡಿ.”

“ಸಾಕು ಬಿಡು ಮಗ. ಇಷ್ಟು ಓದಿ ಹೇಳೋಳು ಮೋಸ ಮಾಡ್ತಾಳಾ?”

ಮೇಘಶ್ರೀ ಏಳನೆಯದನ್ನು ಓದಿದಳು. ಗಟ್ಟಿಯಾಗಿ, ಇನ್ನೊಮ್ಮೆಯೂ ಓದಿದಳು. ಗಂಗಾಂಬಿಕೆ ಅಷ್ಟರಲ್ಲಿ ಸಹಿ ಮಾಡಿ, ಅಡುಗೆಮನೆಯ ಕಡೆ ತಿರುಗಿ, ಒಲೆಯ ಮೇಲಿದ್ದ ಹಾಲು ಉಕ್ಕುತ್ತದೇನೋ ಎಂದು ಕಿವಿಗೊಟ್ಟಿದ್ದರು.